ಘಟ್ಟ, ಬಂದರು ಮತ್ತು ಕಾಳುಮೆಣಸಿನ ಬೆಲೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಕಾಳುಮೆಣಸು ಬಹುಕಾಲದಿಂದ ಬಂದ ಉಪಬೆಳೆ. ಬಳ್ಳಿಗೆ ಗೊಬ್ಬರ ಕೊಡುವುದು, ಸೊರಗು ರೋಗ ತಡೆಯುವುದು ರೈತರ ಕೈಯಲ್ಲಿದೆ. ಆದರೆ ಕೊಯ್ದ ಮೆಣಸಿನ ಬೆಲೆ ತೋಟದಲ್ಲಿ ತೀರ್ಮಾನವಾಗುವುದಿಲ್ಲ. ಸರಕು ಸಾಗುವ ದಾರಿ ಮತ್ತು ಆ ದಾರಿಯ ಮೇಲಿನ ರಾಜ್ಯಗಳ ಸ್ನೇಹ-ವೈರಗಳು ಅದನ್ನು ಏರಿಳಿಸುತ್ತವೆ. ಇದಕ್ಕೆ ಈ ತಾಲ್ಲೂಕುಗಳ ಇತಿಹಾಸವೇ ಸಾಕ್ಷಿ.

ದಾರಿಯ ಮಹತ್ವ

ಕೆಳದಿ ಅರಸರ ರಾಜಧಾನಿಗಳಾಗಿದ್ದ ಕೆಳದಿ ಮತ್ತು ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ. ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಅವರ ಕವಲೇದುರ್ಗದ ಕೋಟೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಮೆಣಸು ಹೇರೆತ್ತುಗಳ ಮೇಲೆ ಘಟ್ಟ ಇಳಿದು ಹೊನ್ನಾವರ, ಬಸರೂರು ಮುಂತಾದ ಬಂದರುಗಳನ್ನು ಸೇರುತ್ತಿತ್ತು. ಮಳೆಗಾಲದಲ್ಲಿ ಕಡಲ ಸಂಚಾರ ನಿಲ್ಲುವುದರಿಂದ ಅದಕ್ಕೆ ಮೊದಲೇ ಮಾರಾಟ ಮುಗಿಯಬೇಕಿತ್ತು.

ಬಂದರಿಗಾಗಿ ಹೋರಾಟ

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಈ ಬಂದರುಗಳಲ್ಲಿ ಕೋಟೆ ಕಟ್ಟಿದರು. ತಮ್ಮ ರಹದಾರಿ ಇಲ್ಲದ ಹಡಗುಗಳನ್ನು ಹಿಡಿದರು. ಬೆಳೆ ಘಟ್ಟದ ಮೇಲಿನವರದಾದರೂ ಬಾಗಿಲು ಇನ್ನೊಬ್ಬರ ವಶವಾಯಿತು. 1623ರಲ್ಲಿ ಗೋವಾದಿಂದ ವೆಂಕಟಪ್ಪ ನಾಯಕನ ಬಳಿಗೆ ಪೋರ್ಚುಗೀಸರ ರಾಯಭಾರ ಬಂದಾಗ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಅದರೊಡನೆ ಇಕ್ಕೇರಿಗೆ ಬಂದಿದ್ದನು. ಅವನ ಬರವಣಿಗೆಯಿಂದ ಆ ಕಾಲದ ಮೆಣಸಿನ ವ್ಯವಹಾರವೂ ತಿಳಿದುಬರುತ್ತದೆ. 1650ರ ದಶಕದಲ್ಲಿ ಶಿವಪ್ಪ ನಾಯಕನು ಪೋರ್ಚುಗೀಸರ ಕೋಟೆಗಳನ್ನು ಗೆದ್ದುಕೊಂಡನು. ಆದರೂ ವ್ಯಾಪಾರ ಕೊನೆಗೊಳ್ಳಲಿಲ್ಲ. ಗೋವಾಕ್ಕೆ ಈ ಕರಾವಳಿಯ ಅಕ್ಕಿ ಬೇಕಿತ್ತು. 1670ರ ದಶಕದ ಒಪ್ಪಂದಗಳ ಮೂಲಕ ಅವರು ಮತ್ತೆ ವ್ಯಾಪಾರಕ್ಕೆ ಬಂದರು.

ಇಂದಿನ ಸ್ಥಿತಿ

ಈಗ ಕೋಟೆಯ ಸ್ಥಾನದಲ್ಲಿ ಸುಂಕ ಮತ್ತು ಒಪ್ಪಂದಗಳಿವೆ. 1975ರಲ್ಲಿ ಯುದ್ಧ ಮುಗಿದ ವಿಯಟ್ನಾಂ, 1986ರ ಆರ್ಥಿಕ ಸುಧಾರಣೆಯ ನಂತರ ಮೆಣಸು ಬೆಳೆಯನ್ನು ವಿಸ್ತರಿಸಿ ಜಗತ್ತಿನ ಮೊದಲ ರಫ್ತುದಾರ ದೇಶವಾಯಿತು. ಶ್ರೀಲಂಕಾದೊಂದಿಗೆ 1998ರಲ್ಲಿ ಸಹಿಯಾದ ಮುಕ್ತ ವ್ಯಾಪಾರ ಒಪ್ಪಂದವು 2000ದಲ್ಲಿ ಜಾರಿಗೆ ಬಂತು. ಬೇರೆ ದೇಶದ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬರುತ್ತಿದೆಯೆಂದು ಬೆಳೆಗಾರರು ದೂರಿದರು. ಬೆಲೆ ಕುಸಿದಾಗ, 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಪಡಿಸಿತು. ಅಡಿಕೆಗೆ ಇಂಥದೇ ಬೆಲೆಯನ್ನು 2023ರಲ್ಲಿ ಕಿಲೋಗೆ 351 ರೂಪಾಯಿಗೆ ಏರಿಸಲಾಯಿತು.

ದಾರಿಯ ಪ್ರಶ್ನೆಯೂ ಮುಗಿದಿಲ್ಲ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ದಾಳಿಗಳು ನಡೆದಾಗ ಯೂರೋಪಿಗೆ ಹೋಗುವ ಅನೇಕ ಹಡಗುಗಳು ಆಫ್ರಿಕಾ ಖಂಡವನ್ನು ಸುತ್ತಿ ಹೋಗಬೇಕಾಯಿತು. ಇದು ಪೋರ್ಚುಗೀಸರು ಬಂದ ಹಳೆಯ ದಾರಿಯೇ. ಇದರಿಂದ ಸಾಗಣೆಯ ದಿನಗಳೂ ವೆಚ್ಚವೂ ಹೆಚ್ಚಿದವು.

ರೈತರು ಗಮನಿಸಬೇಕಾದ ಅಂಶಗಳು

1. ಕೊಯ್ಲಾದ ಕೂಡಲೇ ಇಡೀ ಫಸಲನ್ನು ಮಾರದೆ, ಅಗತ್ಯವಿದ್ದಷ್ಟು ಮಾರಿ ಉಳಿದುದನ್ನು ಕಂತುಗಳಲ್ಲಿ ಮಾರುವುದರಿಂದ ಒಂದೇ ದಿನದ ಬೆಲೆಗೆ ಸಿಕ್ಕಿಬೀಳುವುದು ತಪ್ಪುತ್ತದೆ.

2. ಚೆನ್ನಾಗಿ ಒಣಗಿದ ಮೆಣಸು ಮಾತ್ರ ದಾಸ್ತಾನಿಗೆ ಯೋಗ್ಯ. ಬಿಡಿಸಿದ ಕಾಳನ್ನು ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿ ಒಣಗಿಸಿದರೆ ಒಂದೇ ಸಮನಾದ ಕಪ್ಪು ಬಣ್ಣ ಬರುತ್ತದೆ. ತೇವಾಂಶ ಶೇ. 10–11ಕ್ಕೆ ಇಳಿಯಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

3. ಒಬ್ಬನೇ ಖರೀದಿದಾರನನ್ನು ನಂಬದೆ ಸಹಕಾರ ಸಂಘದ ಮತ್ತು ಮಾರುಕಟ್ಟೆಯ ಧಾರಣೆಗಳನ್ನು ಹೋಲಿಸಿ ನೋಡಬೇಕು.

4. ಆಮದು ಸುಂಕ, ಒಪ್ಪಂದಗಳ ಸುದ್ದಿಯನ್ನು ಮಳೆಯ ಮುನ್ಸೂಚನೆಯಷ್ಟೇ ಗಮನವಿಟ್ಟು ಓದಬೇಕು.

ದೂರದ ಕಡಲಿನ ಜಗಳವನ್ನು ರೈತನು ನಿಲ್ಲಿಸಲಾರನು. ಒಣಗಿದ ಮಾಲು ಮತ್ತು ಒಂದಕ್ಕಿಂತ ಹೆಚ್ಚು ಮಾರಾಟದ ದಾರಿ ಇದ್ದರೆ, ಅದರ ಪೆಟ್ಟನ್ನು ತಾಳಿಕೊಳ್ಳಬಲ್ಲನು.