ಕರಿಬೇವಿನ ಹುಳುವನ್ನು ಕೊಲ್ಲಬೇಡಿ, ಸಾಕಿ ನೋಡಿ

ಮಳೆ ಬಿದ್ದು ಕರಿಬೇವಿನ ಗಿಡ ಚಿಗುರಿದ ಕೆಲವೇ ದಿನಗಳಲ್ಲಿ ಎಳೆ ಎಲೆಗಳ ಅಂಚು ಒಂದೊಂದಾಗಿ ಕಾಣೆಯಾಗತೊಡಗುತ್ತದೆ. ಹತ್ತಿರ ಹೋಗಿ ನೋಡಿದರೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದಂತಿರುತ್ತದೆ. ಕಡ್ಡಿಯಿಂದ ಮುಟ್ಟಿದರೆ ಅದು ಅಲುಗುತ್ತದೆ! ಎಷ್ಟೋ ಮನೆಗಳಲ್ಲಿ ಆ ಹುಳುವನ್ನು ಕೆಡವಿ ಹೊಸಕುತ್ತಾರೆ, ಇಲ್ಲವೇ ಔಷಧಿ ತಂದು ಹೊಡೆಯುತ್ತಾರೆ. ಹಾಗೆ ಮಾಡುವ ಮೊದಲು ಸ್ವಲ್ಪ ತಡೆಯಿರಿ. ಅದು ಬಹುಮಟ್ಟಿಗೆ ನಿಂಬೆ ಚಿಟ್ಟೆಯ ಮರಿಯಾಗಿರುತ್ತದೆ, ಅಥವಾ ಅದರ ಸಂಬಂಧಿ ಕಾಮನ್ ಮಾರ್ಮನ್ ಚಿಟ್ಟೆಯದ್ದು. ಒಂದು ತಿಂಗಳು ತಾಳ್ಮೆಯಿದ್ದರೆ ಮೊಟ್ಟೆಯಿಂದ ಚಿಟ್ಟೆಯಾಗುವವರೆಗಿನ ಇಡೀ ಬದುಕನ್ನು ನಿಮ್ಮ ಮನೆಯ ಕಿಟಕಿಯ ಪಕ್ಕದಲ್ಲೇ ನೋಡಬಹುದು. ಮಕ್ಕಳಿರುವ ಮನೆಯಲ್ಲಂತೂ ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಮೊದಲು ಗಿಡ, ಆಮೇಲೆ ಹುಳು

ಚಿಟ್ಟೆಯ ಮರಿ ಸಿಕ್ಕಿದ ಸೊಪ್ಪನ್ನೆಲ್ಲ ತಿನ್ನುವುದಿಲ್ಲ. ಒಂದೊಂದು ಜಾತಿಗೂ ಅದರದ್ದೇ ಗಿಡ ಬೇಕು. ನಿಂಬೆ ಚಿಟ್ಟೆಗೆ ನಿಂಬೆ, ಕರಿಬೇವು, ಬಿಲ್ವಪತ್ರೆ. ಎಕ್ಕದ ಗಿಡದಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಕಂಡರೆ ಅದು ಪ್ಲೇನ್ ಟೈಗರ್. ಕಣಗಿಲೆಯ ಮೇಲೆ ಕಾಮನ್ ಕ್ರೋ ಮೊಟ್ಟೆಯಿಡುತ್ತದೆ. ಅದರ ಕೋಶ ಬೆಳ್ಳಿಯಂತೆ ಥಳಥಳಿಸುತ್ತದೆ. ಆದರೆ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಕಣಗಿಲೆ ಪೂರ್ತಿ ವಿಷ. ಹಾಗಾಗಿ ಮೊದಲ ಸಲ ಸಾಕುವವರು ಕರಿಬೇವಿನಿಂದಲೇ ಶುರು ಮಾಡುವುದು ಒಳ್ಳೆಯದು.

ಒಂದು ನಿಯಮವನ್ನು ಮಾತ್ರ ಯಾವ ಕಾರಣಕ್ಕೂ ಸಡಿಲಿಸಬೇಡಿ. ಸೊಪ್ಪು ಔಷಧಿ ಹೊಡೆಯದ ಗಿಡದ್ದೇ ಆಗಬೇಕು. ಮಾರುಕಟ್ಟೆಯಿಂದ ತಂದ ಕರಿಬೇವನ್ನು ಎಷ್ಟು ತೊಳೆದರೂ ಹುಳುವಿಗೆ ಹಾಕಬೇಡಿ. ನರ್ಸರಿಯಿಂದ ಹೊಸ ಗಿಡ ತಂದಿದ್ದರೆ ಅದರಲ್ಲೂ ಔಷಧಿ ಇರಬಹುದು. ಹಳೆಯ ಎಲೆಗಳು ಹೋಗಿ ಹೊಸ ಚಿಗುರು ಬರುವವರೆಗೆ ಕಾಯಿರಿ. ಮನೆಯಲ್ಲಿ ಸಾಕಿದ ಹುಳುಗಳು ಇದ್ದಕ್ಕಿದ್ದಂತೆ ಒದ್ದಾಡಿ, ಹಸಿರು ನೀರು ಕಾರಿ ಸತ್ತರೆ ಮೊದಲು ಸೊಪ್ಪನ್ನೇ ಅನುಮಾನಿಸಬೇಕು.

ಮೊಟ್ಟೆ ಹುಡುಕುವುದು

ಬಿಸಿಲೇರಿದ ಹೊತ್ತಿನಲ್ಲಿ ಗಿಡದ ಸುತ್ತ ಒಂದು ಚಿಟ್ಟೆ ಹಾರುತ್ತ, ಹೂವಿಲ್ಲದ ಚಿಗುರಿನ ಮೇಲೆ ಕ್ಷಣಮಾತ್ರ ಕೂತು, ಹೊಟ್ಟೆಯನ್ನು ಬಾಗಿಸಿ ಮತ್ತೆ ಮೇಲೇಳುತ್ತಿದ್ದರೆ ಅದು ಮೊಟ್ಟೆಯಿಡುತ್ತಿದೆ ಎಂದೇ ಅರ್ಥ. ಅದು ಹೋದ ಮೇಲೆ ಎಳೆ ಎಲೆಗಳನ್ನು ತಿರುಗಿಸಿ ನೋಡಿ. ತಿಳಿ ಹಳದಿ ಬಣ್ಣದ, ಸಾಸಿವೆಗಿಂತ ಚಿಕ್ಕದಾದ ದುಂಡನೆಯ ಮೊಟ್ಟೆ ಒಂಟಿಯಾಗಿ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಹೋಗದೆ, ಎಲೆಯಿರುವ ಕಡ್ಡಿಯನ್ನೇ ಕತ್ತರಿಸಿ ತನ್ನಿ. ನಾಲ್ಕೈದು ಮೊಟ್ಟೆ ಸಾಕು. ಉಳಿದವನ್ನು ಗಿಡದಲ್ಲೇ ಬಿಡಿ. ಗುಬ್ಬಚ್ಚಿ, ಟುವ್ವಿ ಹಕ್ಕಿಗಳೂ ತಮ್ಮ ಮರಿಗಳಿಗೆ ಇದೇ ಹುಳುಗಳನ್ನು ಒಯ್ಯುತ್ತವೆ.

ಮೂರ್ನಾಲ್ಕು ದಿನಕ್ಕೆ ಮೊಟ್ಟೆಯ ಬಣ್ಣ ಮಾಸಿ, ಮರಿ ಹೊರಬರುತ್ತದೆ. ಅದು ಮೊದಲು ತಿನ್ನುವುದು ತಾನು ಹೊರಬಂದ ಮೊಟ್ಟೆಯ ಸಿಪ್ಪೆಯನ್ನೇ. ಮೊಟ್ಟೆ ಪೂರ್ತಿ ಕಪ್ಪಗಾಗಿ, ದಿನಗಳು ಕಳೆದರೂ ಮರಿ ಬರದಿದ್ದರೆ ಒಳಗೆ ಪರಾವಲಂಬಿ ಕಣಜ ಸೇರಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಅದೂ ಪ್ರಕೃತಿಯ ಲೆಕ್ಕಾಚಾರವೇ.

ಡಬ್ಬಿ ಮತ್ತು ದಿನಚರಿ

ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಂದು ಸಾಕು. ತಳಕ್ಕೆ ಕಾಗದ ಹಾಸಿ, ಬಾಯಿಗೆ ತೆಳು ಬಟ್ಟೆ ಅಥವಾ ಸೊಳ್ಳೆ ಪರದೆಯ ತುಂಡು ಹಾಕಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಹುಳು ದೊಡ್ಡದಾದ ಮೇಲೆ ಕರಿಬೇವಿನ ಕಡ್ಡಿಯನ್ನು ನೀರಿನ ಪುಟ್ಟ ಬಾಟಲಿಯಲ್ಲಿ ನಿಲ್ಲಿಸಿ ಡಬ್ಬಿಯೊಳಗಿಟ್ಟರೆ ಎಲೆ ಬಾಡುವುದಿಲ್ಲ. ಬಾಟಲಿಯ ಬಾಯಿಗೆ ಹತ್ತಿ ತುರುಕಲು ಮರೆಯಬೇಡಿ. ಇಲ್ಲದಿದ್ದರೆ ಹುಳು ಕಡ್ಡಿಯಗುಂಟ ಇಳಿದು ನೀರಿಗೆ ಬೀಳುತ್ತದೆ. ಡಬ್ಬಿಗೆ ಬೆಳಕು ಬೇಕು, ನೇರ ಬಿಸಿಲು ಬೇಡ. ಇರುವೆ ಬಾರದಂತೆ ನೀರು ತುಂಬಿದ ತಟ್ಟೆಯ ನಡುವೆ ಎತ್ತರಿಸಿ ಇಡಿ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಊದುಬತ್ತಿ, ಕರ್ಪೂರ ಯಾವುದೂ ಕೂಡದು.

ದಿನಕ್ಕೊಮ್ಮೆ ಹಿಕ್ಕೆ ತೆಗೆದು ಕಾಗದ ಬದಲಿಸಿ. ಹಸಿ ಹಿಕ್ಕೆ ಉಳಿದರೆ ಬೂಷ್ಟು ಬರುತ್ತದೆ, ಅದರ ಹಿಂದೆಯೇ ರೋಗ. ಹುಳುವನ್ನು ಕೈಯಿಂದ ಎತ್ತಬೇಡಿ. ಹಳೆಯ ಎಲೆಯ ಪಕ್ಕ ಹೊಸ ಎಲೆಯಿಟ್ಟರೆ ಅದೇ ದಾಟಿಕೊಳ್ಳುತ್ತದೆ. ತೀರಾ ಅಗತ್ಯವಾದರೆ ಚಿತ್ರ ಬಿಡಿಸುವ ಮೆದು ಕುಂಚ ಬಳಸಿ. ಯಾವುದಾದರೂ ಹುಳು ಮೆತ್ತಗಾಗಿ ಕಪ್ಪಾದರೆ ತಕ್ಷಣ ಬೇರೆ ಮಾಡಿ, ಡಬ್ಬಿಯನ್ನು ಸೋಪು ಹಾಕಿ ತೊಳೆದು ಬಿಸಿಲಿಗಿಡಿ.

ಹುಳು ನಡುನಡುವೆ ತಿನ್ನುವುದು ಬಿಟ್ಟು ಒಂದೇ ಕಡೆ ಕದಲದೆ ಕೂತರೆ ಗಾಬರಿಪಡಬೇಕಿಲ್ಲ. ರಾಮನಗರ, ಕೋಲಾರದ ಕಡೆ ರೇಷ್ಮೆ ಸಾಕುವವರು ಇದನ್ನೇ ಜ್ವರ ಎನ್ನುತ್ತಾರೆ. ಅದು ಪೊರೆ ಕಳಚುವ ಹೊತ್ತು. ಆಗ ಅದನ್ನು ಅಲುಗಿಸಲೇಬಾರದು. ಹೀಗೆ ನಾಲ್ಕು ಸಲ ಪೊರೆ ಕಳಚಿ ಐದನೇ ಹಂತಕ್ಕೆ ಬಂದಾಗ ಹಕ್ಕಿ ಹಿಕ್ಕೆಯ ವೇಷ ಹೋಗಿ ಹುಳು ಎಲೆಹಸಿರಾಗುತ್ತದೆ. ಈಗ ಮೆಲ್ಲಗೆ ಅದರ ಬೆನ್ನು ಸವರಿ ನೋಡಿ. ತಲೆಯ ಹಿಂದಿನಿಂದ ಕವಲೊಡೆದ ಕೆಂಪಗಿನ ಕೊಂಬೊಂದು ಛಕ್ಕನೆ ಹೊರಚಾಚಿ, ಘಾಟು ವಾಸನೆ ಹಬ್ಬುತ್ತದೆ. ಇರುವೆಗಳನ್ನೂ ಬೇರೆ ವೈರಿಗಳನ್ನೂ ಬೆದರಿಸಲು ಅದಕ್ಕಿರುವ ಆಯುಧ ಅದು. ಮಕ್ಕಳು ಮತ್ತೆ ಮತ್ತೆ ಮುಟ್ಟಲು ಹಟ ಮಾಡುತ್ತಾರೆ. ಒಮ್ಮೆ ತೋರಿಸಿ ಸಾಕು ಮಾಡಿ. ತನ್ನ ಜೀವಮಾನದ ಬಹುಪಾಲು ಸೊಪ್ಪನ್ನು ಹುಳು ಈ ಕೊನೆಯ ಹಂತದಲ್ಲೇ ತಿನ್ನುವುದರಿಂದ ಸೊಪ್ಪಿನ ದಾಸ್ತಾನು ಮೊದಲೇ ನೋಡಿಕೊಳ್ಳಿ. ಕುಂಡದಲ್ಲಿ ಪುಟ್ಟ ಗಿಡವೊಂದೇ ಇದ್ದವರು ಒಂದೆರಡು ಹುಳುವಿಗೆ ನಿಲ್ಲಿಸುವುದೇ ಜಾಣತನ.

ಕೋಶದಿಂದ ರೆಕ್ಕೆಗೆ

ಹುಳು ಹಣ್ಣಾದಾಗ ತಿನ್ನುವುದು ನಿಲ್ಲಿಸಿ, ನೀರುನೀರಾಗಿ ಹಿಕ್ಕೆ ಹಾಕಿ, ಡಬ್ಬಿಯ ತುಂಬ ಅಲೆಯತೊಡಗುತ್ತದೆ. ಅಷ್ಟರೊಳಗೆ ಎರಡು ಮೂರು ಒಣಕಡ್ಡಿಗಳನ್ನು ಓರೆಯಾಗಿ ನಿಲ್ಲಿಸಿರಬೇಕು. ಹುಳು ಒಂದು ಕಡ್ಡಿ ಆರಿಸಿಕೊಂಡು, ರೇಷ್ಮೆಯ ಪುಟ್ಟ ಮೆತ್ತೆ ನೇಯ್ದು ಅದಕ್ಕೆ ಬಾಲದ ತುದಿ ಸಿಕ್ಕಿಸಿ, ಸೊಂಟದ ಸುತ್ತ ಒಂದು ಎಳೆ ಬಿಗಿದು ಅದಕ್ಕೆ ಒರಗಿ ಕೂರುತ್ತದೆ. ತೆಂಗಿನ ಮರ ಹತ್ತುವವರು ಸೊಂಟಕ್ಕೆ ಹಗ್ಗ ಹಾಕಿಕೊಂಡು ಒರಗಿದಂತೆಯೇ! ಸುಮಾರು ಒಂದು ದಿನದ ನಂತರ ಕೊನೆಯ ಪೊರೆ ಕಳಚಿ ಕೋಶವಾಗುತ್ತದೆ. ಹಸಿರು ಎಲೆಗಳ ನಡುವೆ ಕಟ್ಟಿದ ಕೋಶ ಬಹುಮಟ್ಟಿಗೆ ಹಸಿರು, ಒಣಕಡ್ಡಿಗೆ ಕಟ್ಟಿದ್ದು ಕಂದು. ಹೊಸ ಕೋಶ ತುಂಬ ಮೃದು, ಮುಟ್ಟಬೇಡಿ.

ಹೆಚ್ಚುಕಡಿಮೆ ಎಂಟರಿಂದ ಹನ್ನೆರಡು ದಿನ ಕಾಯಬೇಕು, ಚಳಿಗಾಲದಲ್ಲಿ ಇನ್ನೂ ಹೆಚ್ಚು. ಕೋಶ ಕಪ್ಪಾಗಿ ಒಳಗಿನ ರೆಕ್ಕೆಯ ಹಳದಿ ಚುಕ್ಕೆಗಳು ಕಾಣತೊಡಗಿದರೆ ಚಿಟ್ಟೆ ಮರುದಿನವೇ ಹೊರಬರಬಹುದು. ಸಾಮಾನ್ಯವಾಗಿ ಬೆಳಗಿನ ಹೊತ್ತಿನಲ್ಲೇ ಕೋಶ ಒಡೆಯುತ್ತದೆ. ಹೊರಬಂದ ಚಿಟ್ಟೆಯ ರೆಕ್ಕೆ ಮುದುಡಿ ಒದ್ದೆಯಾಗಿರುತ್ತದೆ. ಅದು ಕಡ್ಡಿಗೋ ಪರದೆಗೋ ಜೋತು ಬಿದ್ದು ರೆಕ್ಕೆಗೆ ದ್ರವ ತುಂಬಿಕೊಳ್ಳಬೇಕು. ಕೆಳಗೆ ಒಂದು ಗೇಣು ಜಾಗ ಇಲ್ಲದಿದ್ದರೆ ರೆಕ್ಕೆ ಸೊಟ್ಟಗಾಗಿ ಜೀವನಪೂರ್ತಿ ಹಾರಲಾಗದು. ಆದ್ದರಿಂದ ಕೋಶವಿರುವ ಕಡ್ಡಿಯನ್ನು ಮುಂಚೆಯೇ ದೊಡ್ಡ ಬುಟ್ಟಿಗೋ ಪರದೆಯ ಗೂಡಿಗೋ ದಾಟಿಸಿಡಿ. ಕೋಶದಿಂದ ಹೊರಬರಲು ಒದ್ದಾಡುವ ಚಿಟ್ಟೆಗೆ ಸಹಾಯ ಮಾಡುವ ಆಸೆಯಾದರೂ ಮಾಡಬೇಡಿ. ತಳದಲ್ಲಿ ಬೀಳುವ ಬಣ್ಣದ ಹನಿಗಳು ರಕ್ತವಲ್ಲ, ಕೋಶದ ದಿನಗಳ ಕಲ್ಮಶ.

ಮೂರ್ನಾಲ್ಕು ಗಂಟೆಯಲ್ಲಿ ರೆಕ್ಕೆ ಗಟ್ಟಿಯಾಗುತ್ತದೆ. ಮಳೆಯಿಲ್ಲದ ಹಗಲಿನಲ್ಲಿ, ನೀವು ಮೊಟ್ಟೆ ತಂದ ಗಿಡದ ಹತ್ತಿರವೇ ಬಿಟ್ಟುಬಿಡಿ. ಜೋರು ಮಳೆಯಿದ್ದರೆ ಮರುದಿನದವರೆಗೆ ಇಟ್ಟುಕೊಂಡರೆ ತೊಂದರೆಯಿಲ್ಲ.

ಇನ್ನೆರಡು ಎಚ್ಚರಿಕೆ. ಮೈತುಂಬ ಕೂದಲಿರುವ ಕಂಬಳಿಹುಳುಗಳನ್ನು ಮುಟ್ಟಬೇಡಿ. ಅವು ಹೆಚ್ಚಾಗಿ ಪತಂಗದ ಮರಿಗಳು, ಮೈ ತುರಿಸುತ್ತದೆ. ಕಾಡಿನಿಂದ ಮೊಟ್ಟೆ, ಹುಳು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಹಲವು ಚಿಟ್ಟೆಗಳಿವೆ. ಬಗೆಬಗೆಯ ಚಿಟ್ಟೆ ನೋಡಬೇಕೆನಿಸಿದರೆ ಬನ್ನೇರುಘಟ್ಟದ ಚಿಟ್ಟೆ ಉದ್ಯಾನವಿದೆ, ಮೂಡುಬಿದಿರೆ ಬಳಿ ಬೆಳುವಾಯಿಯ ಚಿಟ್ಟೆ ಪಾರ್ಕ್ ಇದೆ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಬೇಕೆಂಬ ಮಲೆನಾಡು, ಕರಾವಳಿಯ ತೋಟದವರು ಡಬ್ಬಿ ಹಿಡಿಯುವ ಬದಲು ಬೇಲಿಗೆ ಈಶ್ವರಬಳ್ಳಿ ಹಬ್ಬಿಸಲಿ. ಅದು ಮೊಟ್ಟೆಯಿಡುವುದು ಆ ಬಳ್ಳಿಯ ಬಳಗದ ಮೇಲೆಯೇ.

ಡಬ್ಬಿಯಲ್ಲಿ ನಾಲ್ಕು ಹುಳು ಸಾಕಿದ ಮಾತ್ರಕ್ಕೆ ಊರಿನ ಚಿಟ್ಟೆಗಳ ಸಂಖ್ಯೆ ಏರುವುದಿಲ್ಲ, ಗಿಡ ಉಳಿದರೆ ಏರುತ್ತದೆ. ಈ ಮಳೆಗಾಲದಲ್ಲಿ ಅಡುಗೆಗೆ ಒಂದು ಕರಿಬೇವಿನ ಗಿಡವಿದ್ದರೆ, ಚಿಟ್ಟೆಗೆಂದು ಇನ್ನೊಂದು ನೆಡಿ. ಅದಕ್ಕೆ ಔಷಧಿ ಮಾತ್ರ ಹೊಡೆಯಬೇಡಿ.