ಡ್ರಮ್ಮಿನ ಗೋಡೆಗೆ ಅಂಟಿದ ಮೊಟ್ಟೆಗಳು

ಡೆಂಗಿ ಹರಡುವ ಈಡಿಸ್ ಸೊಳ್ಳೆ ತನ್ನ ಮರಿಗಳಿಗೂ ವೈರಾಣುವನ್ನು ದಾಟಿಸುತ್ತದೆಯೇ ಎಂಬ ಕೆಸರೆಯ ಓದುಗರ ಪ್ರಶ್ನೆಗೆ ಉತ್ತರ ಹೌದು, ಆದರೆ ವಿರಳವಾಗಿ. ತಾಯಿಯಿಂದ ಮೊಟ್ಟೆಗೆ ಸೋಂಕು ಇಳಿಯುವ ಈ ಕ್ರಮಕ್ಕೆ ಲಂಬ ಪ್ರಸರಣ ಎಂದು ಹೆಸರು. ರೋಗ ಹಬ್ಬುವುದು ಮುಖ್ಯವಾಗಿ ರೋಗಿಯ ರಕ್ತ ಹೀರಿದ ಹೆಣ್ಣು ಸೊಳ್ಳೆಯಿಂದಲೇ. ಆದರೂ ನೀರಿನ ಡ್ರಮ್ಮಿನ ಒಳಗೋಡೆಯಲ್ಲಿ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ಗಸಗಸೆಯಷ್ಟು ಸಣ್ಣ ಕಪ್ಪು ಚುಕ್ಕೆಗಳಂತೆ ಅಂಟಿರುವ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತಗುಲಿದೊಡನೆ ಒಡೆಯುವುದರಿಂದ, ಅವುಗಳಲ್ಲಿ ಕೆಲವು ವೈರಾಣುವನ್ನು ಬೇಸಗೆ ದಾಟಿಸಿ ಮಳೆಗಾಲಕ್ಕೆ ತಲುಪಿಸಬಹುದು. 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ರಾಜ್ಯ ಸರ್ಕಾರ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಮೊಟ್ಟೆಗಳು ಗೋಡೆಗೆ ಅಂಟಿಕೊಂಡೇ ಉಳಿಯುವುದರಿಂದ ಹಳೆಯ ನೀರನ್ನು ಚೆಲ್ಲಿದರಷ್ಟೇ ಸಾಲದು. ವಾರಕ್ಕೊಮ್ಮೆ ತೆಂಗಿನ ನಾರಿನಿಂದ ಡ್ರಮ್ಮಿನ ಒಳಗೋಡೆಯನ್ನು ಗಟ್ಟಿಯಾಗಿ ಉಜ್ಜಿ ತೊಳೆದು, ಬಾಯಿಗೆ ಬಟ್ಟೆ ಬಿಗಿಯಬೇಕು.