ಸವೆದ ಗುಂಡು ಎಲ್ಲಿಗೆ ಹೋಗುತ್ತದೆ?

ಸೆರಾಮಿಕ್ ಗ್ರೈಂಡಿಂಗ್ ಮೀಡಿಯಾ, ಅಂದರೆ ಬಾಲ್ ಮಿಲ್ಲಿನೊಳಗೆ ಉರುಳಿ ಮಾಲನ್ನು ಅರೆಯುವ ಗುಂಡು, ಕೊಳ್ಳಲು ಹೊರಟವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಕೆಜಿಗೆ ಎಷ್ಟು? ಹೊಸಕೋಟೆ ತಾಲೂಕಿನ ಸಮೇತನಹಳ್ಳಿಯಂಥ ಕಡೆ ಶೆಡ್ ಬಾಡಿಗೆ, ಕರೆಂಟ್ ಬಿಲ್ಲು, ಬ್ಯಾಂಕಿನ ಕಂತು ಎಲ್ಲವನ್ನೂ ಸರಿದೂಗಿಸಿಕೊಂಡು ಮಿಲ್ ನಡೆಸುವವರು ಹಾಗೆ ಕೇಳುವುದು ಸಹಜವೇ. ಆದರೆ ಈ ಕಸುಬು ನನಗೆ ಕಲಿಸಿದ್ದು ಬೇರೊಂದು ಪ್ರಶ್ನೆಯನ್ನು: ಸವೆದ ಗುಂಡು ಎಲ್ಲಿಗೆ ಹೋಗುತ್ತದೆ? ಅದು ಮಾಯವಾಗುವುದಿಲ್ಲ. ಮಾಲಿನ ಜೊತೆ ಬೆರೆತು ಗಿರಾಕಿಯ ಚೀಲ ಸೇರುತ್ತದೆ. ಉಳಿಯಿಂದ ಹೊಸದಾಗಿ ಕುಟ್ಟಿಸಿದ ಬೀಸುಕಲ್ಲಿನ ಮೊದಲ ಹಿಟ್ಟನ್ನು ಮನೆಯಲ್ಲಿ ಯಾರೂ ರೊಟ್ಟಿಗೆ ಬಳಸುತ್ತಿರಲಿಲ್ಲ, ಕಲ್ಲಿನ ಪುಡಿ ಅದರಲ್ಲಿರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಬಾಲ್ ಮಿಲ್ ವಿಷಯದಲ್ಲಿ ಈ ತಿಳಿವಳಿಕೆಯನ್ನು ನಾವು ಮರೆಯುತ್ತೇವೆ. ಮೀಡಿಯಾವನ್ನು ಬೇರಿಂಗು, ಬೆಲ್ಟುಗಳ ಸಾಲಿನಲ್ಲಿ ಬಿಡಿಭಾಗವೆಂದು ಲೆಕ್ಕ ಹಾಕುತ್ತೇವೆ. ನನ್ನ ವಾದ ಇಷ್ಟೇ: ಅದು ಬಿಡಿಭಾಗವಲ್ಲ, ನಿಧಾನವಾಗಿ ಮಾಲಿಗೆ ಸೇರುವ ಕಚ್ಚಾವಸ್ತು. ಆಯ್ಕೆ ಶುರುವಾಗಬೇಕಾದ್ದು ಮಿಲ್ಲಿನಿಂದಲ್ಲ, ಮಾಲಿನಿಂದ.

ಇದಕ್ಕೆ ಸಾಕ್ಷಿ ಕರ್ನಾಟಕದಲ್ಲೇ ಇದೆ. ಪಣಂಬೂರಿನಲ್ಲಿ ಪೆಲೆಟ್‌ಗೆಂದು ಕಬ್ಬಿಣದ ಅದಿರನ್ನು ನುಣ್ಣಗೆ ಅರೆಯುವಾಗ ಉಕ್ಕಿನ ಗುಂಡು ಸವೆದರೆ ಕಬ್ಬಿಣಕ್ಕೆ ಕಬ್ಬಿಣವೇ ಸೇರಿತು, ಅದನ್ನು ಕಲಬೆರಕೆ ಎನ್ನುವವರಿಲ್ಲ. ರಾಯಚೂರಿನ ಹಟ್ಟಿಯಲ್ಲಿ ಚಿನ್ನದ ಅದಿರು ಅರೆಯುವಾಗ ಬೇಕಾದ್ದು ಕಲ್ಲಿನೊಳಗಿನ ಚಿನ್ನ ಮಾತ್ರ, ಪುಡಿಯ ಬಣ್ಣವನ್ನು ಯಾರೂ ನೋಡುವುದಿಲ್ಲ. ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಹುಟ್ಟಿ ಮುಂದೆ ಬಿಎಚ್‌ಇಎಲ್ ಸೇರಿದ ಪಿಂಗಾಣಿ ಕಾರ್ಖಾನೆಯ ಲೆಕ್ಕ ಬೇರೆ. ವಿದ್ಯುತ್ ಇನ್ಸುಲೇಟರಿಗೆ ಬೇಕಾದ ಜೇಡಿ, ಫೆಲ್ಡ್‌ಸ್ಪಾರ್, ಬಿಳಿಕಲ್ಲುಗಳಲ್ಲಿ ಕಬ್ಬಿಣದ ಕಣವಿದ್ದರೆ ಭಟ್ಟಿಯಿಂದ ಹೊರಬರುವ ಹೊತ್ತಿಗೆ ಅದು ಕಂದು ಚುಕ್ಕೆಯಾಗಿರುತ್ತದೆ. ಗ್ಲೇಜ್, ಬಿಳಿ ಬಣ್ಣ, ಔಷಧ, ಬ್ಯಾಟರಿ ಪುಡಿಗಳದ್ದೂ ಇದೇ ಕಥೆ. ಸೆರಾಮಿಕ್ ಗುಂಡು ಬಂದದ್ದೇ ಈ ಕಾರಣಕ್ಕೆ, ಉಕ್ಕಿಗಿಂತ ಚೆನ್ನಾಗಿ ಅರೆಯುತ್ತದೆಂದು ಅಲ್ಲ. ಉಕ್ಕಿನ ಸಾಂದ್ರತೆ ಸಿಸಿಗೆ 7.8 ಗ್ರಾಂ, ಶೇಕಡಾ 92 ಅಲ್ಯುಮಿನಾದ್ದು ಸುಮಾರು 3.6. ಬರೀ ಹೊಡೆತದ ಬಲ ನೋಡಿದರೆ ಉಕ್ಕೇ ಮುಂದು. ಮ್ಯಾಗ್ನೆಟ್ ಇಟ್ಟು ಕಬ್ಬಿಣ ತೆಗೆದರಾಯಿತಲ್ಲ ಎನ್ನುವವರಿದ್ದಾರೆ. ದಪ್ಪ ಚೂರು ಮ್ಯಾಗ್ನೆಟ್ಟಿಗೆ ಸಿಗುತ್ತದೆ, ಆದರೆ ಮೈಕ್ರಾನ್ ಗಾತ್ರದ ಪುಡಿ ಮತ್ತು ಸ್ಲರಿಯಲ್ಲೇ ಹಿಡಿದ ತುಕ್ಕು ಬಹುಪಾಲು ತಪ್ಪಿಸಿಕೊಳ್ಳುತ್ತವೆ. ಗಾಢ ಬಣ್ಣದ ಮಾಲಾದರೆ ಮ್ಯಾಗ್ನೆಟ್ ನಂಬಿ ಉಕ್ಕಿನಲ್ಲೇ ಅರೆಯಬಹುದು. ಬಿಳಿ ಮಾಲಿಗೆ ಆ ನಂಬಿಕೆ ಸಾಲದು.

ಸೆರಾಮಿಕ್ ಎಂದು ತೀರ್ಮಾನವಾದ ಮೇಲೂ ಯಾವ ಸೆರಾಮಿಕ್ ಎಂಬ ಪ್ರಶ್ನೆಗೆ ಉತ್ತರ ಮಾಲಿನಿಂದಲೇ ಬರಬೇಕು. ಅರೆಯುವ ವಸ್ತುವಿನ ಜಾತಿಯದೇ ಗುಂಡು ಸಿಕ್ಕರೆ ಅರ್ಧ ಚಿಂತೆ ಕಳೆದಂತೆ. ಅಲ್ಯುಮಿನಾ ಪುಡಿಗೆ ಅಲ್ಯುಮಿನಾ ಗುಂಡು. ಕೇರಳದ ಚವರದಂಥ ಕರಾವಳಿಯ ಮರಳಿನಿಂದ ಬರುವ ಜಿರ್ಕಾನನ್ನು ಟೈಲ್ಸ್‌ನ ಬಿಳುಪಿಗಾಗಿ ಅರೆಯುವವರಿಗೆ ಜಿರ್ಕೋನಿಯಂ ಸಿಲಿಕೇಟ್ ಇಲ್ಲವೇ ಜಿರ್ಕೋನಿಯಾ. ಸವೆತ ಇದ್ದೇ ಇರುತ್ತದೆ, ಆದರೆ ಅದು ಪರಕೀಯವಾಗುವುದಿಲ್ಲ. ಹಾಗೆ ಹೊಂದದಿದ್ದಾಗ ಗಿರಾಕಿ ಎಷ್ಟು ಸಹಿಸುತ್ತಾನೆಂದು ಮೊದಲೇ ಕೇಳಿಕೊಳ್ಳಬೇಕು. ಟನ್ ಮಾಲಿಗೆ 1 ಕೆಜಿ ಗುಂಡು ಸವೆದರೆ ಶೇಕಡಾ 0.1, ಅಂದರೆ 1000 ಪಿಪಿಎಂ. ನೆಲದ ಟೈಲ್ಸ್ ಮಣ್ಣಿನಲ್ಲಿ ಇದು ಲೆಕ್ಕಕ್ಕೇ ಬಾರದು. ಎಲೆಕ್ಟ್ರಾನಿಕ್ಸ್‌ಗೆ ಹೋಗುವ ಪುಡಿಯಲ್ಲಿ ಇಡೀ ಲಾಟ್ ವಾಪಸ್ ಬರಲು ಇಷ್ಟು ಸಾಕು.

ಈಗ ದರದ ಆಕ್ಷೇಪಣೆ: ಜಿರ್ಕೋನಿಯಾದ ಬೆಲೆ ಕೇಳಿದರೆ ಎದೆ ನಡುಗುತ್ತದೆ, ಸಣ್ಣವರು ಎಲ್ಲಿಂದ ತರಬೇಕು? ಆಕ್ಷೇಪಣೆ ನಿಜ, ಮೇಲ್ನೋಟಕ್ಕೆ ಕಾಣುವುದಕ್ಕಿಂತಲೂ ಹೆಚ್ಚು ನಿಜ. ಏಕೆಂದರೆ ಗುಂಡನ್ನು ನಾವು ಕೊಳ್ಳುವುದು ಕೆಜಿಯಲ್ಲಿ, ಮಿಲ್ ತುಂಬುವುದು ಲೀಟರಿನಲ್ಲಿ. 100 ಲೀಟರಿನ ಮಿಲ್ಲಿನಲ್ಲಿ ಅರ್ಧ ತುಂಬಿದರೆ 50 ಲೀಟರ್ ರಾಶಿ, ನಡುವಿನ ಖಾಲಿ ಜಾಗ ಕಳೆದರೆ ಸುಮಾರು 30 ಲೀಟರ್ ಗಟ್ಟಿ. 3.6 ಸಾಂದ್ರತೆಯ ಅಲ್ಯುಮಿನಾ ಆದರೆ 108 ಕೆಜಿ ಸಾಕು, 6.0ರ ಜಿರ್ಕೋನಿಯಾ ಆದರೆ 180 ಕೆಜಿ ಬೇಕು. ಕೆಜಿ ದರ ಐದು ಪಟ್ಟಿದ್ದರೆ ಮೊದಲ ಭರ್ತಿಯ ಖರ್ಚು ಎಂಟು ಪಟ್ಟು ದಾಟುತ್ತದೆ. ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುವುದು ಮಾತ್ರ ತಪ್ಪು. ಅಲ್ಯುಮಿನಾ ಟನ್ನಿಗೆ 1 ಕೆಜಿ ಸವೆಯುವ ಕಡೆ ಜಿರ್ಕೋನಿಯಾ 100 ಗ್ರಾಂ ಸವೆಯುತ್ತದೆಂದು ಇಟ್ಟುಕೊಳ್ಳಿ. ಐದು ಪಟ್ಟು ದರದಲ್ಲೂ ಸವೆತದ ಖರ್ಚು ಅರ್ಧಕ್ಕೆ ಇಳಿಯಿತು. ಭಾರದ ಗುಂಡು ಬೇಗ ಅರೆದರೆ ಮಿಲ್ ಓಡುವ ಗಂಟೆಗಳೂ ಕಡಿಮೆ. ಹಾಗಾಗಿ ಹೋಲಿಸಬೇಕಾದ್ದು ಕೆಜಿ ದರವನ್ನಲ್ಲ. ಟನ್ ಮಾಲಿಗೆ ಬೀಳುವ ಸವೆತ, ಕರೆಂಟ್, ಭರ್ತಿಯ ಬಡ್ಡಿ, ವಾಪಸ್ ಬಂದ ಮಾಲು ಇವೆಲ್ಲದರ ಒಟ್ಟು ಮೊತ್ತವನ್ನು.

ಹಾಗಂತ ದುಬಾರಿಯದ್ದೇ ಒಳ್ಳೆಯದು ಎನ್ನುವುದೂ ಮೂಢನಂಬಿಕೆಯೇ. ಜಿರ್ಕೋನಿಯಾದ ಗಟ್ಟಿತನಕ್ಕೆ ಕಾರಣ ಅದರ ಹರಳಿನ ಗುಣ. ಬಿರುಕು ಮುನ್ನುಗ್ಗುವ ತುದಿಯಲ್ಲಿ ಹರಳು ರೂಪ ಬದಲಿಸಿ ಹಿಗ್ಗುತ್ತದೆ, ಬಿರುಕನ್ನು ಅಲ್ಲೇ ಅದುಮಿ ನಿಲ್ಲಿಸುತ್ತದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು 1975ರಲ್ಲಿ ಇದನ್ನು ಪ್ರಕಟಿಸಿದ ಮೇಲೆಯೇ ಈ ವಸ್ತುವಿನ ಭಾಗ್ಯ ತೆರೆಯಿತು. ಆದರೆ ಇಟ್ರಿಯಾ ಬೆರೆಸಿದ ಜಿರ್ಕೋನಿಯಾ ಬಿಸಿ ನೀರಿನಲ್ಲಿ, ಹಬೆಯಲ್ಲಿ ಬಹುಕಾಲ ಇದ್ದರೆ ಅದೇ ರೂಪಾಂತರ ಮೇಲ್ಮೈಯಿಂದ ತಾನಾಗಿ ಶುರುವಾಗಿ ಗುಂಡನ್ನು ಕೆಡಿಸುತ್ತದೆ. ಅಲ್ಯುಮಿನಾ ಲೈನಿಂಗ್ ಇರುವ ಹಳೆಯ ಮಿಲ್ಲಿಗೆ ಜಿರ್ಕೋನಿಯಾ ಸುರಿದರೆ ಗುಂಡು ಉಳಿಯುತ್ತದೆ, ಲೈನಿಂಗ್ ಸವೆಯುತ್ತದೆ, ಮಾಲಿಗೆ ಸೇರುವುದು ಮತ್ತೆ ಅಲ್ಯುಮಿನಾವೇ. ಮೋಟರಿನ ಮೇಲೆ ಭಾರ ಬೇರೆ ಹೆಚ್ಚುತ್ತದೆ. ಸೀಮೆಸುಣ್ಣ, ಬಳಪದ ಕಲ್ಲಿನಂಥ ಮೆತ್ತನೆಯ ಮಾಲಿಗೆ ಇಷ್ಟೆಲ್ಲ ಬೇಕಾಗಿಯೇ ಇಲ್ಲ.

ಗಾತ್ರದ ಬಗ್ಗೆಯೂ ಹೀಗೇ ಒಂದು ಹುಸಿ ನಂಬಿಕೆ ಇದೆ: ದೊಡ್ಡ ಗುಂಡು ಜೋರಾಗಿ ಹೊಡೆಯುತ್ತದೆ, ಬೇಗ ಅರೆಯುತ್ತದೆ. 40 ಮಿಮೀ ಬದಲು 20 ಮಿಮೀ ಹಾಕಿದರೆ ಅದೇ ಜಾಗದಲ್ಲಿ ಗುಂಡಿನ ಸಂಖ್ಯೆ ಎಂಟು ಪಟ್ಟು, ಉಜ್ಜುವ ಮೈ ಎರಡು ಪಟ್ಟು. ಕಾಳಿನಂಥ ಕಲ್ಲನ್ನು ಒಡೆಯಲು ದೊಡ್ಡದು ಬೇಕು, ಒಡೆದದ್ದನ್ನು ನುಣ್ಣಗಾಗಿಸಲು ಚಿಕ್ಕದು ಬೇಕು. ದೊಡ್ಡದರಿಂದಲೇ ಕೊನೆತನಕ ಅರೆಯುವುದು ಕರೆಂಟಿಗೂ ಗುಂಡಿಗೂ ದಂಡ. ಮಾಲು ಹಾಕದೆ, ಇಲ್ಲವೇ ಕಡಿಮೆ ಹಾಕಿ ಮಿಲ್ ತಿರುಗಿಸುವುದಂತೂ ಗುಂಡಿನಿಂದ ಗುಂಡನ್ನೇ ಅರೆದಂತೆ. ಸಣ್ಣ ಮಣಿಗಳಿಂದ ಅರೆಯುವ ಬೀಡ್ ಮಿಲ್ ಆದರೆ ಜರಡಿಯ ಸೀಳು ಬೀಡಿನ ಗಾತ್ರದ ಮೂರನೇ ಒಂದು ಭಾಗ ಮೀರಬಾರದು. ಸವೆದು ಸಣ್ಣದಾದ ಬೀಡು ಒಂದೋ ಜರಡಿ ಕಟ್ಟುತ್ತದೆ, ಇಲ್ಲವೇ ನುಸುಳಿ ಮಾಲಿಗೆ ಬೀಳುತ್ತದೆ.

ನಮ್ಮಲ್ಲಿ ಲ್ಯಾಬ್ ಇಲ್ಲ, ಇದನ್ನೆಲ್ಲ ಪರೀಕ್ಷಿಸುವುದು ಹೇಗೆ ಎಂಬುದು ಕೊನೆಯ ಆಕ್ಷೇಪಣೆ. ಒಂದು ಜಾರ್ ಮಿಲ್, ಗ್ರಾಂನ ಸಣ್ಣ ಭಾಗವನ್ನೂ ತೋರಿಸುವ ತಕ್ಕಡಿ, ಒಂದು ಓವನ್ ಇದ್ದರೆ ಸಾಕು. ಸ್ಯಾಂಪಲ್ ಗುಂಡನ್ನು ತೊಳೆದು, ಒಣಗಿಸಿ, ತೂಗಿ, ನಿಮ್ಮ ಮಾಲನ್ನೇ ನಿಮ್ಮ ಬೋರ್‌ವೆಲ್ ನೀರಿನಲ್ಲೇ ಅರೆಯಿರಿ. ಗಡಸು ನೀರಿನ ಕ್ಯಾಲ್ಸಿಯಂ ಸ್ಲರಿಯನ್ನು ದಪ್ಪಗಾಗಿಸುವುದರಿಂದ ಬೇರೆಯವರ ನೀರಿನ ಫಲಿತಾಂಶ ನಿಮಗೆ ಒದಗದು. ಮೊದಲ ಸುತ್ತಿನಲ್ಲಿ ಹೊಸ ಗುಂಡಿನ ಮೇಲ್ಪದರ ಹೋಗುತ್ತದೆ, ಅದನ್ನು ಬಿಟ್ಟು ಎರಡನೆಯದರಿಂದ ಲೆಕ್ಕ ಹಿಡಿಯಿರಿ. ನಾಲ್ಕು ಗುಂಡು ಒಡೆದೂ ನೋಡಿ: ಒಳಗೆ ಹೊರಗೆ ಒಂದೇ ಬಣ್ಣ, ನುಣುಪು ಮುರಿವು ಇರಬೇಕು. ನಡುವೆ ಸೂಜಿಮೊನೆಯ ರಂಧ್ರ, ಬೇರೆ ಬಣ್ಣದ ತಿರುಳು, ಈರುಳ್ಳಿಯಂತೆ ಬಿಡುವ ಪದರ ಕಂಡರೆ ಆ ಗುಂಡು ಸವೆಯುವುದಿಲ್ಲ, ಒಡೆಯುತ್ತದೆ. ಒಡೆದ ಚೂರಿನ ಅಂಚು ಉಳಿದ ಗುಂಡುಗಳನ್ನೂ ಕೆರೆಯುತ್ತದೆ.

ಆದ್ದರಿಂದ ಮುಂದಿನ ಸಲ ಕೊಟೇಶನ್ ಕೇಳುವಾಗ ದರದ ಜೊತೆಗೆ ಸಾಂದ್ರತೆ, ರಾಸಾಯನಿಕ ಸಂಯೋಜನೆ, ಗಾತ್ರದ ಏರುಪೇರು ಈ ಮೂರನ್ನೂ ಬರೆದು ಕೊಡಲು ಹೇಳಿ, ಐದು ಕೆಜಿ ಸ್ಯಾಂಪಲ್ ತರಿಸಿಕೊಳ್ಳಿ. ಸವೆತದ ಅಂಕಿಯನ್ನು ನೀವೇ ಅಳೆಯಿರಿ, ಬ್ರೋಶರಿನಿಂದ ಎತ್ತಿಕೊಳ್ಳಬೇಡಿ. ಬರೆದು ಕೊಡಲು ಒಪ್ಪದ ಮಾರಾಟಗಾರ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.